ಅಣ್ಣನ ಡೀಸೆಲ್ ಇಂಜಿನ್ನಿಗೆ ಹೊಸ ಚಿಪ್

ಲಕ್ವಾ ಹೊಡೆದ ಮೇಲೆ ಅಣ್ಣ ತನ್ನ ಮಾದರಿ ರೈಲು ಓಡಿಸುವುದನ್ನು ಬಿಟ್ಟ. ಬಲಗೈ ನಡುಗುತ್ತಿತ್ತು. ವೇಗದ ಗುಂಡಿ ತಿರುವಿದರೆ ಗೇಣುದ್ದದ ಡೀಸೆಲ್ ಇಂಜಿನ್ ಜಿಗಿದು ತಿರುವಿನಲ್ಲಿ ಹಳಿ ತಪ್ಪುತ್ತಿತ್ತು. ಮೂರನೇ ಸಲ ಬಿದ್ದಾಗ, "ಆತು, ಲೈನ್ ಬಂದ್" ಎಂದು ಎದ್ದುಹೋದ. ಅಂದಿನಿಂದ ಅವನನ್ನು ಊಟಕ್ಕೂ ಎರಡು ಸಲ ಕರೆಯಬೇಕಾಯಿತು.

ಆಗ ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು ಒಂದರ ಹಿಂದೊಂದು ಬರುತ್ತಿದ್ದವು. ತಾರ್ನಾಕದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಮಂಗಳೂರಿನ ಇಂಜಿನಿಯರ್ ಹೆಣ್ಣುಮಗಳು ಒಂದು ದಾರಿ ಹೇಳಿದಳು. ಇಂಜಿನ್ನಿನೊಳಗೆ ಡಿಕೋಡರ್ ಎಂಬ ಚಿಪ್ ಕೂರಿಸಿದರೆ ಗುಂಡಿ ತಿರುವಬೇಕಿಲ್ಲ, ಬಟನ್ ಒತ್ತಿದರೆ ಸಾಕು. ಕೈ ನಡುಗಿದರೂ ವೇಗ ಮೆಲ್ಲಗೇ ಏರುತ್ತದೆ. ಕಂಪನಿ ಕೆಲಸಕ್ಕೆ ಜರ್ಮನಿಗೆ ಹೋದವಳು ಎರಡು ಚಿಪ್ ತಂದೇಬಿಟ್ಟಳು.

ಬೆಳಿಗ್ಗೆ ಒಂಬತ್ತಕ್ಕೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಸಾಮಾನು ಸಾಲಾಗಿ ಇಟ್ಟುಕೊಂಡು ಕುಳಿತೆ.

"ಅಂಕಲ್, ಈ ಸೂಚನೆ ಒಮ್ಮೆ ಓದಿ ಮಾರಾಯ್ರೆ," ಎಂದಳು.

"ಬ್ಯಾಡವಾ. ನಾ ದೊಡ್ಡ ಇಂಜಿನ್ನಿಗೇ ವೈರಿಂಗ್ ಮಾಡಿದಾಂವ."

ರೈಲ್ವೆ ವರ್ಕ್‌ಶಾಪಿನಲ್ಲಿ ನಾನು ಕಲಿತ ಮೊದಲ ಪಾಠ, ಅರ್ಥಿಂಗ್, ಅಂದರೆ ಲೋಹದ ಮೈಗೆ ತಂತಿ ಜೋಡಣೆ, ಇಲ್ಲದೆ ಯಾವ ಇಂಜಿನ್ನನ್ನೂ ಹೊರಗೆ ಬಿಡಬಾರದು ಎಂಬುದು. ಚಿಪ್ ಬೆಸೆದು ಮುಗಿಸಿ ತಪಾಸಣೆ ಮಾಡುವಾಗ ಮೋಟಾರಿಗೂ ಲೋಹದ ಚೌಕಟ್ಟಿಗೂ ಸಂಪರ್ಕವೇ ಇಲ್ಲದ್ದು ಕಂಡಿತು. ಯೋಚಿಸದೆ ನಡುವೆ ಒಂದು ತಂತಿ ಎಳೆದೆ. ಹಳಿಗೆ ಕರೆಂಟ್ ಕೊಟ್ಟ ಕೂಡಲೇ ಚಿಟ್ ಎಂದಿತು.

ಬಾಗಿಲಲ್ಲಿ ನಿಂತಿದ್ದ ಅಣ್ಣ ಹೇಳಿದ: "ಏನಪಾ, ಹೊಗಿ ಬರಾಕತ್ತೈತಿ! ಡೀಸೆಲ್ ಇಂಜಿನ್ನಿಗೆ ಕಲ್ಲಿದ್ದಲು ಹಾಕಿದಿ ಏನು?"

ನನಗೆ ನಗು ಬರಲಿಲ್ಲ. ಮೋಟಾರೂ ಸುಟ್ಟಿದ್ದರೆ ಅಣ್ಣನ ಲೈನ್ ನಿಜವಾಗಿಯೂ ಬಂದ್. ಸೂಚನೆಯ ಹಾಳೆ ಬಿಡಿಸಿದೆ. ಮೋಟಾರಿನ ಯಾವ ತುದಿಯೂ ಚೌಕಟ್ಟಿಗೆ ತಾಗಕೂಡದು, ತಾಗಿದರೆ ಚಿಪ್ ಸುಡುತ್ತದೆ ಎಂದು ಮೂರನೇ ಸಾಲಿನಲ್ಲೇ ಇತ್ತು.

"ತಪ್ಪು ನಂದು," ಎಂದೆ.

"ನಂದು ಕೈ ನಡಗತೈತಿ, ನಿಂದು ತಲಿ," ಎಂದ ಅಣ್ಣ. "ಇನ್ನೊಂದು ಐತಲ್ಲ, ಹಾಕು."

ಆ ತಂತಿ ಕಿತ್ತೆ. ಮೀಟರ್ ಹಿಡಿದು ನೋಡಿದೆ. ಪುಣ್ಯಕ್ಕೆ ಮೋಟಾರು ಉಳಿದಿತ್ತು. ಈ ಸಲ ಅವಳು ಒಂದೊಂದೇ ಸಾಲು ಓದಿದಳು, ನಾನು ಅಷ್ಟನ್ನೇ ಮಾಡಿದೆ. ಅರ್ಥಿಂಗ್ ಇಲ್ಲದ ಇಂಜಿನ್ನನ್ನು ಹಳಿಗಿಡುವಾಗ ಮಾತ್ರ ಏನೋ ಅಪರಾಧ ಮಾಡುತ್ತಿರುವಂತೆ ಅನ್ನಿಸಿತು.

ಅಣ್ಣ ಬಟನ್ ಒತ್ತಿದ. ಹೆಬ್ಬೆರಳು ನಡುಗಿ ಎರಡು ಸಲ ಒತ್ತಿತು. ಇಂಜಿನ್ ಜಿಗಿಯಲಿಲ್ಲ. ಪ್ಲಾಟ್‌ಫಾರ್ಮ್ ಬಿಡುವ ಪ್ಯಾಸೆಂಜರ್ ಗಾಡಿಯಂತೆ ಮೆಲ್ಲಗೆ ಹೊರಟು, ತಿರುವು ದಾಟಿ, ಸುತ್ತು ಮುಗಿಸಿ ಅವನ ಮುಂದೆಯೇ ಬಂತು. ಅವನು ನಿಲ್ಲಿಸಲಿಲ್ಲ. ಅಡುಗೆಮನೆಯಿಂದ ನನ್ನ ಹೆಂಡತಿ ಊಟಕ್ಕೆ ಕರೆದರೂ ಏಳಲಿಲ್ಲ.

ನಾಲ್ಕನೇ ಸುತ್ತಿಗೆ ಇಂಜಿನಿಯರ್ ಹುಡುಗಿಯ ಕಡೆ ತಿರುಗಿದ. "ಮತ್ತ ಹೋದಾಗ ಇನ್ನೆರಡು ತಗೊಂಡು ಬಾರವಾ. ಒಂದು ನನ್ನ ಇನ್ನೊಂದು ಇಂಜಿನ್ನಿಗೆ, ಒಂದು ನಮ್ಮ ತಮ್ಮ ಸುಡಾಕ."