ಮುಳ್ಳು ಕಾಣದ ಗಡಿಯಾರ

ಬುಧವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ ಇಲವಾಲದಲ್ಲಿ ಬಸ್ಸು ಹತ್ತಿದೆವು. ನನಗೆ ಇಪ್ಪತ್ತೈದು ರೂಪಾಯಿ ಟಿಕೆಟ್ಟು, ಹೆಂಡತಿ ಗೌರಮ್ಮನಿಗೆ ಪುಕ್ಕಟೆ. ಆದರೂ ಕಿಟಕಿ ಪಕ್ಕದ ಸೀಟು ಅವಳಿಗೇ. ಹೊರಟಿದ್ದು ಕೃಷ್ಣಮೂರ್ತಿಪುರಂನ ಒಂದು ಕಣ್ಣಿನ ಆಸ್ಪತ್ರೆಗೆ; ನನ್ನ ಎಡಗಣ್ಣು ಕೈಕೊಟ್ಟಿತ್ತು.

ನಾನು ಮೂವತ್ತು ವರ್ಷಗಳಿಂದ ವಾಚು ರಿಪೇರಿ ಮಾಡುವವನು. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಎಡಗಣ್ಣು ಮುಚ್ಚಿ ಕೂತರೆ ಅದು ತೆರೆಯುವುದು ಅಂಗಡಿ ಬಾಗಿಲು ಹಾಕುವಾಗಲೇ. ಒಂದೂವರೆ ತಿಂಗಳ ಹಿಂದೆ ಚಿಕೂನ್‌ಗುನ್ಯಾ ಬಂದುಹೋಯಿತು. ಬೆರಳ ಗೆಣ್ಣುಗಳ ನೋವಿನಲ್ಲಿ ಕಣ್ಣಿನ ಗೊಡವೆಗೇ ಹೋಗಿರಲಿಲ್ಲ. ಮೊನ್ನೆ ಬಲಗಣ್ಣಿಗೆ ಧೂಳು ಬಿತ್ತು. ಅದನ್ನು ಉಜ್ಜುತ್ತಾ ಎಡಗಣ್ಣು ತೆರೆದೆ. ಗೋಡೆಯ ಮೇಲಿನ ಗಡಿಯಾರಗಳಿಗೆಲ್ಲ ಅಂಚು ಇತ್ತು, ಮುಳ್ಳುಗಳಿರಲಿಲ್ಲ.

ಬಸ್ಸಿಳಿದು ಆಟೋ ಹಿಡಿದು ಹೋದೆವು. ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿ ಒಂದು ಗಂಟೆ ಕೂರಿಸಿದರು. ಡಬ್ಬಿಯ ಚಿತ್ರಾನ್ನವನ್ನು ಅಲ್ಲೇ ತಿಂದೆವು.

"ನಂದಿಬಟ್ಲು ಹೂವಿನ್ ರಸ ಬುಟ್ಕೊಳ್ಳಿ ಅಂತ ನಿನ್ನೇನೇ ಬಡ್ಕೊಂಡೆ," ಎಂದಳು ಗೌರಮ್ಮ.

"ಬಿಡದೇ ಇದ್ದಿದ್ದೇ ಒಳ್ಳೇದಾಯ್ತು ಕಣಮ್ಮ," ಎಂದರು ಒಳಗೆ ಕರೆಯಲು ಬಂದ ಡಾಕ್ಟರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಣ್ಣಿನೊಳಗೆ ಬಹಳ ಹೊತ್ತು ಬೆಳಕು ಬಿಟ್ಟು ನೋಡಿದರು. "ಜ್ವರ ಹೋದ ಮೇಲೂ ಕೆಲವರಿಗೆ ಹೀಗೆ ಕಣ್ಣಿನ ನರ ಊದುತ್ತೆ. ಯಾವತ್ತಿಂದ ಮಂಜಾಯ್ತು?"

"ಮೊನ್ನೆ ಗೊತ್ತಾಯ್ತು. ಯಾವತ್ತಿಂದ ಅಂತ ಗೊತ್ತಿಲ್ಲ."

ಅವರು ಪೆನ್ನು ಕೆಳಗಿಟ್ಟರು. "ಬೇಗ ಬಂದಿದ್ರೆ ಚೆನ್ನಾಗಿತ್ತು. ಔಷಧಿ ಇವತ್ತೇ ಶುರು ಮಾಡೋಣ. ದೃಷ್ಟಿ ಎಷ್ಟು ವಾಪಸ್ ಬರುತ್ತೆ ಅಂತ ಈಗ್ಲೇ ಹೇಳೋಕಾಗಲ್ಲ."

ಇನ್ನೊಬ್ಬರ ವಾಚು ಬಿಚ್ಚಿ ಇದೇ ಮಾತನ್ನು ನಾನೂ ಎಷ್ಟೋ ಸಲ ಹೇಳಿದ್ದೇನೆ. ಕೇಳುವವರಿಗೆ ಹೇಗಾಗುತ್ತದೆಂದು ಅವತ್ತು ತಿಳಿಯಿತು.

ಡ್ರಿಪ್ಪಿನಲ್ಲಿ ಮೊದಲ ಔಷಧಿ ಏರಿಸಿಕೊಂಡು ಹೊರಬಂದಾಗ ಮಧ್ಯಾಹ್ನ ಕಳೆದಿತ್ತು. ನಾಳೆ, ನಾಡಿದ್ದು ಮತ್ತೆ ಬರಬೇಕು. ಹನಿ ಹಾಕಿದ ಕಣ್ಣಿಗೆ ಬಿಸಿಲು ಚುಚ್ಚುತ್ತಿತ್ತು. ಬಸ್‌ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ದೊಡ್ಡ ಗಡಿಯಾರದ ಗೋಪುರದ ಹತ್ತಿರ ಗೌರಮ್ಮ ನಿಂತಳು.

"ಎಷ್ಟಾಯ್ತು ನೋಡಿ."

"ನಾಲ್ಕೂಕಾಲು."

"ಯಾವ್ ಕಣ್ಣಲ್ಲಿ ನೋಡುದ್ರಿ?"

ಅವಳು ಸೆರಗಿನ ತುದಿಯಿಂದ ನನ್ನ ಬಲಗಣ್ಣು ಮುಚ್ಚಿದಳು. "ಈಗೇಳಿ."

ಗೋಪುರ ಕಂಡಿತು, ಗಡಿಯಾರದ ಸುತ್ತಿನ ಅಂಚು ಕಂಡಿತು. ನಡುವೆ ಬರೀ ಬೂದು. ತುಂಬಾ ಹೆದರಿಕೆಯಾಯಿತು.

"ಗೊತ್ತಾಗ್ತಿಲ್ಲ ಕಣೇ," ಎಂದೆ.

ಗಡಿಯಾರದ ಮುಂದೆ ನಿಂತು ನಾನು ಆ ಮಾತು ಹೇಳಿದ್ದು ಅದೇ ಮೊದಲು.