ಜೇಬಿನಲ್ಲಿದ್ದ ಫ್ಯೂಸ್

ಹಾಲಾಡಿಯಿಂದ ಬರುತ್ತಿದ್ದ ಗೀಸರ್ ರಿಪೇರಿಯವರು ಮೊದಲು ಜಗಲಿಯ ಬೋರ್ಡಿನಿಂದ ಗೀಸರಿನ ಫ್ಯೂಸ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. "ಯಾರೂ ಸ್ವಿಚ್ ಮುಟ್ಬೇಡಿ ಕಾಣಿ" ಎನ್ನುತ್ತಲೇ ಇರುತ್ತಿದ್ದರು.

ನಮ್ಮ ಹಳೆಯ ಗೀಸರ್ ಸೋರಿದ ದಿನ ಕರೆಂಟೇ ಇರಲಿಲ್ಲ. ಬಾಣಂತಿ ಅಕ್ಕನ ಸ್ನಾನ ತಡವಾಗುತ್ತಿದೆಯೆಂದು ಚಡಪಡಿಸುತ್ತಿದ್ದ ಅಮ್ಮ, "ಕರೆಂಟ್ ಇಲ್ಲ ಅಲ್ದಾ, ಫ್ಯೂಸ್ ಎಂತಕ್ ತೆಗುದ್?" ಎಂದಳು.

"ಹೋದ್ ಕರೆಂಟ್ ನಿಮ್ಮತ್ರ ಕೇಂಡ್ಕಂಡ್ ಬತ್ತಾ ಅಮ್ಮ?" ಎಂದು ಅವರು ಜೇಬು ಮುಟ್ಟಿ ನೋಡಿಕೊಂಡರು.

ಒದ್ದೆ ನೆಲದಲ್ಲಿ ನಿಂತು ಅವರು ವಾಷರ್ ಬದಲಿಸುತ್ತಿದ್ದಾಗ ಪಕ್ಕದ ಕೋಣೆಯ ಫ್ಯಾನ್ ತಟ್ಟನೆ ತಿರುಗಿತು. ಕರೆಂಟ್ ಬಂದೊಡನೆ ನೀರು ಕಾಯಲಿ ಎಂದು ಅಮ್ಮ ಬೆಳಗ್ಗೆಯೇ ಹಾಕಿಟ್ಟಿದ್ದ ಗೀಸರಿನ ಸ್ವಿಚ್ ಆಗ ನನ್ನ ಕಣ್ಣಿಗೆ ಬಿತ್ತು. ಅವರ ಕೈ ಸ್ಪ್ಯಾನರ್ ಬಿಟ್ಟು ಜೇಬಿಗೆ ಹೋಯಿತು.

ಈಗಲೂ ಕರೆಂಟ್ ಬಂದಾಗ ಮನೆಯವರೆಲ್ಲ ಫ್ಯಾನ್ ನೋಡುತ್ತಾರೆ. ನನ್ನ ಕೈ ಜೇಬು ತಡವುತ್ತದೆ.