ಕಂಪ್ಲಿಯಲ್ಲಿ ಸುಮತಿಯ ಬೆಳಗಿನ ಹಾಡುಗಳು

ಕಂಪ್ಲಿಯಲ್ಲಿ ನನಗೆ ಬೆಳಗಾದ ಮೊದಲ ದಿನ ಯಾರೋ ಹೆಂಗಸು ನನ್ನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಪಟಪಟ ಸದ್ದು ಹಾಸಿಗೆಯ ಪಕ್ಕದಲ್ಲೇ ಇದ್ದ ಹಾಗೆ ಕೇಳುತ್ತಿತ್ತು. ಸುಮತಿ ಎದ್ದಳು ಅಂದುಕೊಂಡೆ. ಮರುಕ್ಷಣ, ನನ್ನ ಹೆಂಡತಿಗೆ ಜೋಳದ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ ಎಂಬುದು ನೆನಪಾಯಿತು. ಅದರ ಹಿಂದೆಯೇ, ಅವಳು ಹೋಗಿ ವರ್ಷವಾಗುತ್ತ ಬಂತು ಎಂಬುದೂ ನೆನಪಾಯಿತು. ಎದ್ದು ಹೋಗಿ ನೋಡಿದರೆ ಅಡುಗೆಮನೆ ಖಾಲಿ. ಬಿಚ್ಚದ ರಟ್ಟಿನ ಪೆಟ್ಟಿಗೆಗಳು, ಒಂದು ಗ್ಯಾಸ್ ಒಲೆ, ಅಷ್ಟೆ. ಸದ್ದು ಮಾತ್ರ ನಿಂತಿರಲಿಲ್ಲ.

ತಲೆ ಎತ್ತಿ ನೋಡಿದ ಮೇಲೆ ವಿಷಯ ತಿಳಿಯಿತು. ಹಳೆಯ ಮನೆಯೊಂದನ್ನು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದಾರೆ. ಆ ಗೋಡೆ ಸೂರನ್ನು ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಗಾಳಿ ಆಡಲಿ ಅಂತ ಮೇಲೆ ಮೊಳದಷ್ಟು ಜಾಗ ಬಿಟ್ಟಿದ್ದಾರೆ. ಗೋಡೆಯ ಆಚೆ ಮನೆಯ ಒಡತಿ ಗಂಗಮ್ಮ, ಅವರ ಗಂಡ ಈರಣ್ಣ. ಈಚೆ ನಾನು ಒಬ್ಬನೇ.

ಸುರತ್ಕಲ್ಲಿನಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಕಂಪೌಂಡು, ತೆಂಗಿನ ಮರಗಳು, ಬಾವಿ. ಪಕ್ಕದವರು ಕೆಮ್ಮಿದರೂ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಈರಣ್ಣ ಆಕಳಿಸಿದರೆ ನನಗೆ ನಿದ್ದೆ ಬರುತ್ತದೆ. ಊರಿನ ಗೆಳೆಯರು ಫೋನ್ ಮಾಡಿ ‘ಅಲ್ಲಿ ಹೇಗಿದೆ’ ಅಂತ ಕೇಳುತ್ತಾರೆ. ಬಿಸಿಲು ಜೋರು, ಅನ್ನ ಬೆಳ್ಳಗೆ ಅನ್ನುತ್ತೇನೆ. ಫೋನಿನಲ್ಲಿ ಅದಕ್ಕಿಂತ ಹೆಚ್ಚು ಹೇಳಲು ಆಗುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ನಾನು ಅಕ್ಕಿ ಗಿರಣಿಯ ಮನುಷ್ಯ. ಅಲ್ಲಿ ಕುಚ್ಚಲಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಂಡಿದ್ದೆ, ಇಲ್ಲಿ ಸೋನಾಮಸೂರಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುತ್ತೇನೆ. ಕಪ್ಪು ಕಾಳನ್ನು ಹುಡುಕಿ ಗಾಳಿ ಊದಿ ಆಚೆ ಹಾಕುವ ಯಂತ್ರ ನನ್ನ ಸುಪರ್ದಿಯಲ್ಲಿದೆ. ಮಕ್ಕಳಿಲ್ಲ. ಸುಮತಿ ಹೋದ ಮೇಲೆ ಆ ಮನೆಯಲ್ಲಿ ಇರಲಾಗಲಿಲ್ಲ, ಕರೆದ ಕಡೆಗೆ ಬಂದುಬಿಟ್ಟೆ. ಬಂದ ವಾರ ಹೋಟೆಲಿನವನು “ಒಗ್ಗರಣಿ ಕೊಡ್ಲೇನ್ರಿ?” ಅಂದಾಗ, ಬರೀ ಒಗ್ಗರಣೆ ತಿನ್ನುವುದು ಹೇಗಪ್ಪ ಅಂತ ಕಂಗಾಲಾಗಿದ್ದೆ. ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಕೊಟ್ಟು, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಇಟ್ಟು ತಂದ. ಈಗ ವಾರದಲ್ಲಿ ನಾಲ್ಕು ದಿನ ನನ್ನ ತಿಂಡಿ ಅದೇ.

ಹೊಟ್ಟೆ ಬೇಗ ಒಗ್ಗಿಕೊಂಡಿತು, ಕಿವಿ ಒಗ್ಗಲಿಲ್ಲ. ಸುಮತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಬೆಳಿಗ್ಗೆ ಎದ್ದವಳೇ ಫೋನನ್ನು ಸ್ಪೀಕರಿಗೆ ಸಿಕ್ಕಿಸಿ ಹಾಡು ಹಚ್ಚುವಳು. ಹಳೆಯ ಕ್ಯಾಸೆಟ್‌ಗಳಿಂದ, ಯಾರ್‍ಯಾರದೋ ಮನೆಯ ಕಾರ್ಯಕ್ರಮಗಳಿಂದ ತಾನೇ ಹಿಡಿದಿಟ್ಟುಕೊಂಡ ಹಾಡುಗಳು. ದಿನವೂ ಅವೇ, ದಿನವೂ ಅದೇ ಕ್ರಮದಲ್ಲಿ. ನಮ್ಮ ಮನೆಯಲ್ಲಿ ಬೆಳಗಿನ ಹೊತ್ತು ಗಡಿಯಾರ ನೋಡುವ ಪದ್ಧತಿಯೇ ಇರಲಿಲ್ಲ. “ಏಳಿ ಮಾರಾಯ್ರೆ, ಮುದುಕನ ಹಾಡು ಬಂತು” ಅನ್ನುವಳು. ಒಡಕು ಗಂಟಲಿನ ಮುದುಕನೊಬ್ಬ ಹಾಡುವ ಆ ಹಾಡಿಗೆ ಕಾಫಿ. ಕೊಳಲಿನ ಹಾಡಿಗೆ ಅವಳು ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದಳು. ಜೋಗುಳದಂಥ ಒಂದು ಹಾಡು ಶುರುವಾದರೆ ನಾನು ಚಪ್ಪಲಿ ಮೆಟ್ಟುವುದು, ಅವಳು “ಹೋಗಿ ಬನ್ನಿ ಮಾರಾಯ್ರೆ” ಅನ್ನುವುದು. ಒಂದು ಹಾಡಿನ ಹೆಸರೂ ನನಗೆ ತಿಳಿಯದು. ಆ ಬೆಳಗು ಇದ್ದ ಹಾಗೇ ಈ ಮನೆಯಲ್ಲಿ ಆಗಬೇಕು, ಆದರೆ ಇಲ್ಲಿ ಬದುಕಿಯೇನು, ಇಲ್ಲದಿದ್ದರೆ ಇಲ್ಲ, ಅನ್ನುವಷ್ಟು ಹಟ ನನಗೆ ಹಿಡಿಯಿತು.

ಅವಳ ಫೋನು ಸಾಯುವ ಸ್ಥಿತಿಯಲ್ಲಿತ್ತು. ಬ್ಯಾಟರಿ ಉಬ್ಬಿ ಪರದೆ ಮೇಲೆದ್ದಿತ್ತು. ಗಿರಣಿಯಲ್ಲಿ ಒಬ್ಬರು “ಎಲ್ಲಾ ಹಾಡು ನೆಟ್‌ನ್ಯಾಗ ಸಿಗ್ತಾವ್ರಿ” ಅಂದರು. ಹೆಸರು ಗೊತ್ತಿಲ್ಲದವನು ಏನಂತ ಹುಡುಕುವುದು? ಭಾನುವಾರ ಬಸ್ಸು ಹತ್ತಿ ಹೊಸಪೇಟೆಗೆ ಹೋದೆ. ಕಬ್ಬಿನ ಗದ್ದೆ, ಬಾಳೆತೋಟ, ಆಮೇಲೆ ಹಂಪಿಯ ಕಡೆಯ ಬಂಡೆಗಳು. ಕಮಲಾಪುರದಲ್ಲಿ ಬೆನ್ನ ಮೇಲೆ ದೊಡ್ಡ ಚೀಲ ಹೊತ್ತ ವಿದೇಶಿಯರಿಬ್ಬರು ಹತ್ತಿದರು. ಕಂಡಕ್ಟರ್ ಅವರ ಜೊತೆ ಮಾತಾಡಿದ್ದೇ ಮಾತಾಡಿದ್ದು. ನನ್ನನ್ನು ಕಣ್ಣೆತ್ತಿಯೂ ನೋಡಲಿಲ್ಲ. ದೂರದಿಂದ ಬಂದವನು ಅಂತ ನನ್ನ ಮುಖದ ಮೇಲೆ ಬರೆದಿಲ್ಲವಲ್ಲ.

ಅಲ್ಲಿನ ಎಲೆಕ್ಟ್ರಾನಿಕ್ಸ್ ಅಂಗಡಿಯವರು ನನ್ನ ಕಷ್ಟ ಕೇಳಿ ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡನ್ನು ಮುಂದಿಟ್ಟರು. “ಇದಕ್ಕ ಟಿವಿ ಬ್ಯಾಡ, ಕೀಬೋರ್ಡ್ ಬ್ಯಾಡ್ರಿ. ಮೆಮೊರಿ ಕಾರ್ಡಿನ್ಯಾಗ ಸಾಫ್ಟ್‌ವೇರ್ ಹಾಕಿ ಸಿಗಿಸ್ರಿ, ವೈಫೈ ಕೊಡ್ರಿ, ಮೊಬೈಲ್‌ನ್ಯಾಗ ಎಲ್ಲಾ ಕಾಣಿಸ್ತೈತಿ” ಅಂದರು. ಜೊತೆಗೆ ಡ್ಯಾಕ್ ಎಂಬ ಸಣ್ಣ ಡಬ್ಬಿ. ಹಾಡು ಕಂಪ್ಯೂಟರಿನಲ್ಲಿ ಬರೀ ಅಂಕಿಗಳಾಗಿ ಇರುತ್ತದಂತೆ. ಅದನ್ನು ಸ್ಪೀಕರಿಗೆ ತಿಳಿಯುವ ಶಬ್ದವಾಗಿ ಮಾಡಿಕೊಡುವುದು ಇದರ ಕೆಲಸ. ಆ್ಯಂಪ್ಲಿಫೈಯರ್, ಸ್ಪೀಕರ್ ನನ್ನಲ್ಲಿದ್ದವು, ಸುಮತಿಯವು.

ವಿಡಿಯೋ ನೋಡಿ ನೋಡಿ ಜೋಡಿಸಿದೆ. ಸುಮತಿಯ ಫೋನಿನಿಂದ ಹಾಡುಗಳನ್ನು ಕಾರ್ಡಿಗೆ ಇಳಿಸಿದೆ. ಅದೇ ಅದು ಮಾಡಿದ ಕೊನೆಯ ಕೆಲಸ. ಮತ್ತೆ ಆ ಫೋನು ಹೊತ್ತಿಕೊಳ್ಳಲೇ ಇಲ್ಲ. ಬೋರ್ಡಿಗೆ ಹಾಕಿದ ಪ್ಲೇಯರಿನಲ್ಲಿ ಹಾಡು ಓಡುತ್ತಿದೆ ಅಂತ ನನ್ನ ಮೊಬೈಲ್ ತೋರಿಸುತ್ತದೆ, ಗೆರೆ ಮುಂದೆ ಸರಿಯುತ್ತದೆ, ಮನೆಯಲ್ಲಿ ಮಾತ್ರ ಮೌನ. ಬೋರ್ಡು ತನ್ನ ಶಬ್ದವನ್ನು ಡ್ಯಾಕಿಗೆ ಕಳಿಸದೆ, ಏನೂ ಸಿಕ್ಕಿಸದ ತನ್ನದೇ ತೂತಿಗೆ ಕಳಿಸುತ್ತಿತ್ತು. ಸೆಟ್ಟಿಂಗ್ಸಿನಲ್ಲಿ ಡ್ಯಾಕಿನ ಹೆಸರನ್ನು ಆರಿಸಬೇಕಿತ್ತು. ಅದನ್ನು ಕಂಡುಹಿಡಿಯಲು ವಾರ ಹಿಡಿಯಿತು. ಆರಿಸಿದ ತಕ್ಷಣ ಮುದುಕ ಮನೆ ಹಾರಿಹೋಗುವ ಹಾಗೆ ಕೂಗಿದ. ಗೋಡೆಯಾಚೆ ಪಾತ್ರೆ ಬಿತ್ತು. “ಅಯ್ಯಯ್ಯ, ಏನಾತ್ರಿ ಸಾರ್!” ಅಂತ ಗಂಗಮ್ಮನ ದನಿ. ನಾನು ನಗುತ್ತಾ ಅಳುತ್ತಾ ವಾಲ್ಯೂಮ್ ಇಳಿಸಿದೆ.

ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಪ್ಲೇಯರು ಹಾಡುಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಸಾಲಾಗಿ ನಿಲ್ಲಿಸಿಬಿಟ್ಟಿತ್ತು. ಸುಮತಿಯ ಕ್ರಮ ಅವಳ ಫೋನಿನಲ್ಲಿತ್ತು, ನಾನು ಹಾಡುಗಳನ್ನಷ್ಟೇ ತಂದಿದ್ದೆ, ಕ್ರಮವನ್ನು ತಂದಿರಲಿಲ್ಲ. ದಿನವಿಡೀ ಕಾಳು ವಿಂಗಡಿಸುವ ಯಂತ್ರ ಸರಿಮಾಡುವವನು ಮನೆಗೆ ಬಂದು ಹಾಡು ವಿಂಗಡಿಸಲಾಗದೆ ಕೂತೆ. ಕೊನೆಗೆ ನೆನಪಿನಿಂದಲೇ ಪ್ಲೇಲಿಸ್ಟ್ ಮಾಡಲು ಹೊರಟೆ. ಒಂದೊಂದು ಹಾಡು ಹಾಕುವುದು, ಕಣ್ಣು ಮುಚ್ಚುವುದು, ಆಗ ಸುಮತಿ ಏನು ಮಾಡುತ್ತಿದ್ದಳು ಅಂತ ನೆನೆಸಿಕೊಳ್ಳುವುದು. ಮುದುಕನದು ಮೊದಲು. ಜೋಗುಳ, ಕೊಳಲು, ಇವುಗಳಲ್ಲಿ ಯಾವುದು ಮುಂದೆ ಅಂತ ಅನುಮಾನವಾಗಿ ಜೋಗುಳವನ್ನು ಮುಂದೆ ಹಾಕಿದೆ. ಚಪ್ಪಾಳೆ ತಟ್ಟುವ ಒಂದು ಹಾಡಿತ್ತು. ಕೇಳಿದ್ದು ಹೌದು, ಆದರೆ ಅದರ ಜೊತೆ ಸುಮತಿಯ ಚಿತ್ರ ಯಾವುದೂ ಬರಲಿಲ್ಲ. ಅದನ್ನು ಕೊನೆಗೆ ಇಟ್ಟೆ. ಮುಂಜಾನೆ ತಾನಾಗಿ ಶುರುವಾಗುವಂತೆ ಅಲಾರಂ ಹೊಂದಿಸಿದೆ.

ಹೀಗೆ ತಿಂಗಳುಗಟ್ಟಲೆ ನಡೆಯಿತು. ಹಾಡು ಬರುತ್ತಿತ್ತು, ಆದರೆ ಬೆಳಗು ಅವಳದಾಗಿರಲಿಲ್ಲ. ಪರರ ಅಂಗಿ ಹಾಕಿಕೊಂಡ ಹಾಗೆ ಎಲ್ಲೋ ಬಿಗಿ, ಎಲ್ಲೋ ಸಡಿಲ.

ಒಂದು ಸಂಜೆ ಸುರತ್ಕಲ್ಲಿನ ಪಕ್ಕದ ಮನೆಯ ಲಿಲ್ಲಿಬಾಯಿಗೆ ಫೋನ್ ಮಾಡಿದೆ, ನಮ್ಮ ಬಾವಿಯ ಪಂಪು ಸರಿ ಇದೆಯಾ ಅಂತ ಕೇಳಲು. ಪಂಪಿನ ಮಾತು ಮುಗಿದ ಮೇಲೆ ಅವರೇ ಅಂದರು, “ಸುಮತಿ ಹೋದ ಮೇಲೆ ಬೆಳಿಗ್ಗೆ ಹೊತ್ತೇ ಗೊತ್ತಾಗುದಿಲ್ಲ ಮಾರಾಯ್ರೆ. ಕೊಳಲಿಂದು ಬರುವಾಗ ನಾನು ಹೂವಿಗೆ ನೀರು ಬಿಡುದು. ಅದು ಮುಗಿದು ಜೋಗುಳ ಬಂದ್ರೆ ನೀವು ಹೊರಟ್ರಿ ಅಂತ.”

ನಾನು ಕೇಳಿದೆ, “ಚಪ್ಪಾಳೆಯದ್ದು? ಅದು ಯಾವಾಗ ಬರ್ತಿತ್ತು?”

“ಅದು ಎಲ್ಲದಕ್ಕಿಂತ ಮೊದಲು ಅಲ್ವಾ? ನಿಮಗೆ ಹೇಗೆ ಗೊತ್ತಿರ್ತದೆ, ನೀವು ಮಲಗಿರ್ತಿದ್ರಿ. ಅದನ್ನು ಹಾಕಿ ಸುಮತಿ ಗೇಟಿನ ಹತ್ರ ಬರುದು. ನಾವಿಬ್ಬರು ಎಷ್ಟು ನಗಾಡ್ತಿದ್ದೆವು ಗೊತ್ತುಂಟಾ?”

ನನಗೆ ಗೊತ್ತಿರಲಿಲ್ಲ. ನನ್ನ ಹೆಂಡತಿ ಪ್ರತಿದಿನ ನನಗಿಂತ ಒಂದು ಹಾಡಿನಷ್ಟು ಹೊತ್ತು ಹೆಚ್ಚು ಬದುಕಿದ್ದಳು. ಫೋನ್ ಇಟ್ಟ ಮೇಲೆ ಬೆರಳಿನಿಂದ ಹಾಡುಗಳನ್ನು ಮೇಲೆ ಕೆಳಗೆ ಎಳೆದು ಸರಿಮಾಡಿದೆ. ಚಪ್ಪಾಳೆ, ಮುದುಕ, ಕೊಳಲು, ಜೋಗುಳ. ಅಂತೂ ಸುಮತಿಯ ಬೆಳಗು ನನಗೆ ಸಿಕ್ಕಿತು.

ಮರುದಿನ ಚಪ್ಪಾಳೆ ಹಾಡು ಅದರ ಸರಿಯಾದ ಜಾಗದಲ್ಲಿ ಬಂದಾಗ ನಾನು ಮೊದಲ ಸಲ ಎಚ್ಚರವಾಗಿದ್ದೆ. ಗೋಡೆಯಾಚೆ ಗದ್ದಲ ಎದ್ದಿತು. ಧಡಧಡ ಓಡಾಟ, ಬಾಗಿಲು ತೆರೆದ ಸದ್ದು. ಮುದುಕನ ಹಾಡು ಮುಗಿಯುವ ಮೊದಲೇ ಗಂಗಮ್ಮ ನನ್ನ ಬಾಗಿಲಲ್ಲಿದ್ದರು. ಕೈಯಲ್ಲಿ ಹಿಟ್ಟು ಮೆತ್ತಿಕೊಂಡಿತ್ತು.

“ಏನ್ರಿ ಸಾರ್, ಇವತ್ತ ಚಪ್ಪಾಳಿ ಹಾಡು ಮೊದಲ ಹಾಕಿಬಿಟ್ರಿ? ನಮ್ಮ ಮನಿಯವ್ರು ಬಸ್ ಹೋತು ಅಂದ್ಕೊಂಡು ಬುತ್ತಿ ಬಿಟ್ಟು ಓಡ್ಯಾರ ನೋಡ್ರಿ!”

ಈರಣ್ಣ ಕುರೆಕುಪ್ಪದ ಕಡೆ ಉಕ್ಕಿನ ಕಾರ್ಖಾನೆಗೆ ಹೋಗುವವರು. ಕಂಪನಿ ಬಸ್ಸು ಯಾರಿಗೂ ಕಾಯುವುದಿಲ್ಲ. ಗಂಗಮ್ಮ ಮುದುಕನ ಹಾಡಿಗೆ ಒಲೆ ಹಚ್ಚುತ್ತಿದ್ದರಂತೆ, ಜೋಗುಳಕ್ಕೆ ರೊಟ್ಟಿ ಶುರು, ಕೊಳಲಿಗೆ ಬುತ್ತಿ ಕಟ್ಟುವುದು. ಚಪ್ಪಾಳೆ ಬಂತೆಂದರೆ ಈರಣ್ಣ ಹೊಸ್ತಿಲು ದಾಟಬೇಕು. ನಾನು ತಪ್ಪಾಗಿ ಜೋಡಿಸಿದ ಬೆಳಗಿನಲ್ಲಿ ಅವರಿಬ್ಬರು ಆಗಲೇ ಸಂಸಾರ ಹೂಡಿಬಿಟ್ಟಿದ್ದರು.

“ಯಾಕ ಬದಲು ಮಾಡಿದ್ರಿ? ಮೊದಲಿಂದು ಭಾಳ ಚೊಲೊ ಇತ್ತು” ಅಂದರು.

“ಇದೇ ಮೊದಲಿನದು ಗಂಗಮ್ಮ. ನಮ್ಮ ಮನೆಯವಳು ಹಾಕುತ್ತಿದ್ದದ್ದು ಹೀಗೆ.”

ಅವರು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡರು. “ಹಂಗಾದ್ರ ಹಿಂಗ ಇರ್‍ಲಿ ಬಿಡ್ರಿ. ನಾವು ಗಡಿಯಾರ ನೋಡ್ಕೊಂತೀವಿ” ಅಂದು ಹೋದರು.

ಹೇಳಿದಂತೆಯೇ ಮಾಡಿದರು. ಮಾರನೆಯ ದಿನ ಈ ಕಡೆ ಸುಮತಿಯ ಕ್ರಮ ಒಂದಿಷ್ಟೂ ತಪ್ಪದೆ ನಡೆಯಿತು. ಆಚೆ ರೊಟ್ಟಿಯ ಸದ್ದು ತನ್ನ ಪಾಡಿಗೆ ಬೇರೆ ಯಾವಾಗಲೋ ಶುರುವಾಯಿತು, ಬೇರೆ ಯಾವಾಗಲೋ ನಿಂತಿತು. ಮುದುಕ ಹಾಡಿದ. ಯಾರೂ ನನ್ನನ್ನು ಏಳಿ ಅನ್ನಲಿಲ್ಲ. ಕೊಳಲು ಬಂತು, ಹೊಲಿಗೆ ಯಂತ್ರ ಓಡಲಿಲ್ಲ. ಎಲ್ಲವೂ ಸರಿಯಾದ ಜಾಗದಲ್ಲಿದ್ದವು, ಅವಳೊಬ್ಬಳು ಇರಲಿಲ್ಲ. ಸುರತ್ಕಲ್ಲಿನ ಖಾಲಿ ಮನೆಯಲ್ಲೂ ಅಷ್ಟು ಒಂಟಿತನ ನನಗೆ ಆಗಿರಲಿಲ್ಲ. ಜೋಗುಳ ಮುಗಿಯುವವರೆಗೂ ಕಾಫಿಯ ಲೋಟ ಹಿಡಿದುಕೊಂಡು ಹಾಗೇ ಕೂತಿದ್ದೆ.

ಸಂಜೆ ಗಿರಣಿಯಿಂದ ಬಂದು ಪ್ಲೇಲಿಸ್ಟನ್ನು ಮತ್ತೆ ಕಂಪ್ಲಿಯ ಕ್ರಮಕ್ಕೆ ತಂದೆ.

ಈಗ ಮತ್ತೆ ಮುದುಕನಿಗೆ ಆಚೆ ಒಲೆ ಹೊತ್ತುತ್ತದೆ, ಜೋಗುಳಕ್ಕೆ ರೊಟ್ಟಿ. ರಜೆಯ ದಿನ ಈರಣ್ಣ ಮನೆಯಲ್ಲಿದ್ದರೆ ನಾನು ಸುಮತಿಯ ಕ್ರಮ ಹಾಕಿ, ಫೋನನ್ನು ಸ್ಪೀಕರಿನ ಹತ್ತಿರ ಹಿಡಿಯುತ್ತೇನೆ. ಫೋನಿನ ಆಚೆ, ಸುರತ್ಕಲ್ಲಿನಲ್ಲಿ, ಲಿಲ್ಲಿಬಾಯಿ ಹೂವಿಗೆ ನೀರು ಬಿಡುವ ಸದ್ದು ಕೇಳುತ್ತದೆ. ಉಳಿದ ದಿನ ಕೊಳಲು ಮುಗಿಯುವುದು ಒಂದೇ ನನಗೆ ಕಷ್ಟ. ಅಲ್ಲಿಯ ಲೆಕ್ಕದಲ್ಲಿ ಮುಂದೆ ಜೋಗುಳ ಬರಬೇಕು, ಅದರ ಮೊದಲ ಸಾಲು ನನ್ನ ಗಂಟಲವರೆಗೆ ಬಂದಿರುತ್ತದೆ, ಕಾಲು ಚಪ್ಪಲಿ ಹುಡುಕುತ್ತಿರುತ್ತದೆ. ಅಷ್ಟರಲ್ಲಿ ಚಪ್ಪಾಳೆ ಶುರುವಾಗುತ್ತದೆ. ಗೋಡೆಯಾಚೆ ಈರಣ್ಣ ಹೊಸ್ತಿಲ ಹತ್ತಿರ ನಿಂತು “ಬರ್ತೀನಿ” ಅನ್ನುತ್ತಾರೆ. ಗಂಗಮ್ಮ ಹೂಂ ಅನ್ನುತ್ತಾರೆ. ಈಚೆ ಕಡೆ ನಾನೂ, ಯಾರಿಗೂ ಕೇಳದ ಹಾಗೆ, “ಹೋಗಿ ಬನ್ನಿ ಮಾರಾಯ್ರೆ” ಅನ್ನುತ್ತೇನೆ.